ತುಂಬಬಾರದ ಬಲೆ

"ನನ್ನ ಬಲೆ ಯಾರು ಮುಟ್ಟಿದ್ದು?"

ಆ ಕೂಗಿಗೆ ಮಂಜಿಯ ಗಮನ ಅರೆಗಳಿಗೆ ತಪ್ಪಿತು. ಅಷ್ಟೇ ಸಾಕಾಯಿತು. ಚೆಂಡು ನೇರ ಬಂದು ಅವಳ ಮೊಣಕಾಲಿನ ಕೆಳಗೆ ಬಡಿಯಿತು. ಕಣ್ಣಿಗೆ ಕತ್ತಲೆ ಕವಿದರೂ ಅವಳು ಕೂರಲಿಲ್ಲ. ಚೆಂಡನ್ನು ಸ್ಟಿಕ್ಕಿನಿಂದ ಆಚೆ ತಳ್ಳಿ, ಆಮೇಲೆ ಕೂಗಿದವನ ಕಡೆ ತಿರುಗಿದಳು.

ಅದು 1976ರ ನವೆಂಬರ್. ಭಟ್ಕಳ ಬಂದರದ ಪಕ್ಕದ ಮೀನುಗಾರರ ಮೊಗೇರಕೇರಿ. ಅಂದು ಅಮಾವಾಸ್ಯೆ, ಯಾವ ಬೋಟೂ ಸಮುದ್ರಕ್ಕೆ ಹೋಗಿರಲಿಲ್ಲ. ಹೈಸ್ಕೂಲಿನ ಹುಡುಗಿಯರು ಮರಳಿನಲ್ಲಿ ದೋಣಿಯ ಎರಡು ಹುಟ್ಟು ನೆಟ್ಟು, ಒಣಗಲು ಹಾಕಿದ್ದ ಬಲೆಯೊಂದನ್ನು ನಡುವೆ ಕಟ್ಟಿ, ಹಾಕಿ ಆಟ ಆಡುತ್ತಿದ್ದರು. ಗೋಲಿನಲ್ಲಿ ಹದಿನಾರರ ಮಂಜಿ, ಬರಿಗಾಲಲ್ಲಿ, ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

ಬಂದವನು ಈರ. ಇಪ್ಪತ್ತೊಂದರ ಹುಡುಗ. ಹೊನ್ನಾವರದ ಬಳಿಯ ಟೊಂಕ ಎಂಬ ಊರಿನವನು, ಬೋಟು ನಡೆಸುವ ತಾಂಡೇಲ ಹರಿಹರನ ಮೆಷಿನ್ ಬೋಟಿನಲ್ಲಿ ಕೆಲಸಕ್ಕೆಂದು ಬಂದು ಎರಡೇ ದಿನವಾಗಿತ್ತು. ಕೇರಿಯಲ್ಲಿ ಯಾರ ಮಗಳು ಯಾರು, ಯಾರ ಬಾಯಿ ಎಷ್ಟು ಜೋರು ಎಂಬುದು ಪಾಪ ಅವನಿಗಿನ್ನೂ ತಿಳಿದಿರಲಿಲ್ಲ.

"ಮುಟ್ಟಿದ್ದು ನಾನು. ಎಂತ ಆತೀಗ?" ಅಂದಳು ಮಂಜಿ.

"ಎಂತ ಆತಾ? ಅದು ಮೀನು ಹಿಡಿಯೂ ಬಲೆ. ಚೆಂಡು ಹಿಡಿಯೂದಲ್ಲ."

"ಚೆಂಡು ಹಿಡಿಯೂದು ನಾನು. ನಿನ್ನ ಬಲೆ ಬರೀ ಹಿಂದೆ ನಿಂತದೆ. ಬೆಳಿಗ್ಗೆಯಿಂದ ಒಂದು ಚೆಂಡಾದ್ರೂ ಅದಕ್ಕೆ ತಾಗಿದ್ಯಾ ಕೇಳು ಇವ್ರನ್ನ."

ಹುಡುಗಿಯರು ಇಲ್ಲವೆಂದು ತಲೆಯಾಡಿಸಿದರು. ಈರ ಗಂಟು ಬಿಚ್ಚಲು ಕುಳಿತವನು ಹಾಗೇ ಕುಳಿತ. ಅವಳ ಕಾಲಿನಿಂದ ರಕ್ತ ಇಳಿದು ಮರಳಿಗೆ ಸೇರುತ್ತಿತ್ತು.

"ರಕ್ತ ಬರ್ತಾ ಅದೆ."

"ಗೊತ್ತದೆ."

ಅವನು ಬಲೆಯನ್ನೂ ಅವಳನ್ನೂ ಒಮ್ಮೆ ನೋಡಿದ. "ಎಂತ ಆಟವೋ ಮಾರಾಯ್ತಿ... ನನ್ನ ಬಲೆ ತುಂಬ್ಬೇಕು, ನಿನ್ನ ಬಲೆ ತುಂಬಬಾರ್ದು" ಎಂದು ತನ್ನಷ್ಟಕ್ಕೆ ನಕ್ಕ. "ಸಂಜೆವರೆಗೆ ಇಟ್ಕ. ಹರಿದ್ರೆ ನೀನೇ ಹೊಲೀಬೇಕು."

ಅವನು ಎದ್ದು ಹೊರಟಾಗ ಮಂಜಿ ಹಿಂದಿನಿಂದ ಕೇಳಿದಳು. "ಹೋಯ್... ನಿಮ್ಮ ಬೋಟು ನಾಳೆ ಹೋಗ್ತದಾ?"

"ಹೋಗ್ತದೆ. ಎಂತಕ್ಕೆ?"

"ಹಾಗಾದ್ರೆ ನಾಳೆ ನಾ ಆಡೂದಿಲ್ಲ."

ಅವಳ ದನಿಯಲ್ಲಿ ಅಲ್ಲಿಯವರೆಗಿದ್ದ ಜೋರು ಇರಲಿಲ್ಲ. ಇದ್ದದ್ದು ಹೆದರಿಕೆ. ಈರನಿಗೆ ಏನೂ ಅರ್ಥವಾಗದೆ ಅವನು ತಲೆ ಕೆರೆದುಕೊಂಡು ಹೋದ.

ನಿಮಗೆ ಅರ್ಥವಾಗಬೇಕಾದರೆ ಒಂದೂ ಮುಕ್ಕಾಲು ವರ್ಷ ಹಿಂದೆ ಹೋಗಬೇಕು.

1975ರ ಫೆಬ್ರವರಿಯಲ್ಲಿ ಕುಮಟಾದ ಮೈದಾನದಲ್ಲಿ ಜಿಲ್ಲೆಯ ಹೈಸ್ಕೂಲುಗಳ ಪಂದ್ಯವಿತ್ತು. ಮಂಜಿಯ ಅಪ್ಪ ತಿಮ್ಮಪ್ಪ ತಾನೇ ಬಂದು ಮಗಳನ್ನು ಬಸ್ಸು ಹತ್ತಿಸಿದ್ದ. "ಒಂದೂ ಬಿಡಬೇಡ ಹಾಂ" ಎಂದು ಕಿಟಕಿಯಲ್ಲಿ ಹೇಳಿ, ತನ್ನ ದೋಣಿಯ ಕಡೆ ನಡೆದಿದ್ದ.

ಮಂಜಿ ಒಂದೂ ಬಿಡಲಿಲ್ಲ. ಆಟ ಮುಗಿದು ಹುಡುಗಿಯರು ಕುಣಿಯುತ್ತಿದ್ದಾಗ ಮೈದಾನದ ಆ ತುದಿಯಿಂದ ರಮಾನಂದ ಮಾಸ್ತರು ನಡೆದು ಬಂದರು. ಗದಗದಿಂದ ವರ್ಗವಾಗಿ ಬಂದಿದ್ದ ಪಿ.ಟಿ. ಮಾಸ್ತರು, ಮಂಜಿಯ ಕೈಗೆ ಸ್ಟಿಕ್ ಕೊಟ್ಟವರು. ತಲೆ ತಗ್ಗಿಸಿ, ನೆಲ ನೋಡುತ್ತಾ, ನಿಧಾನವಾಗಿ ಬಂದರು.

"ಊರಿಗೆ ಹೋಗೂಣು ನಡಿಯವಾ" ಎಂದಷ್ಟೇ ಹೇಳಿದರು.

ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಅಪ್ಪನ ದೋಣಿ ಮಗುಚಿತ್ತು.

ಸಾವಿನ ಮನೆಯಲ್ಲಿ ಯಾರೋ ಹೆಂಗಸು ಅಂದಳು: "ಹೆಣ್ಣು ಶರಾವತಿ ದಾಟಿ ಆಡೂಕೆ ಹೋತು. ಸಮುದ್ರ ಅಪ್ಪನ್ನ ತಕಂಡ್ತು."

ಅಂದವಳು ಮರುದಿನವೇ ಮರೆತಿರಬಹುದು. ಮಂಜಿ ಮರೆಯಲಿಲ್ಲ. ತಾನು ಆಡುವ ದಿನ ತನ್ನವರು ಯಾರಾದರೂ ನೀರಿನ ಮೇಲಿದ್ದರೆ ಅವರು ಮರಳಿ ಬರುವುದಿಲ್ಲ ಎಂಬ ಮಾತು ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಅಪ್ಪನಿಲ್ಲದ ಮೇಲೆ ಕೇರಿಯ ಬೋಟಿನವರೆಲ್ಲ ಅವಳಿಗೆ ತನ್ನವರೇ. ಅಮ್ಮ ಮಾಸ್ತಮ್ಮ ಇಡಗುಂಜಿಗೆ ಕರೆದುಕೊಂಡು ಹೋಗಿ ಗಣಪತಿಯ ಮುಂದೆ ನಿಲ್ಲಿಸಿದಳು. ಆ ಹೆದರಿಕೆ ದೇವರ ಮುಂದೆಯೂ ಇಳಿಯಲಿಲ್ಲ.

ಈ ಕತೆ ಈರನಿಗೆ ಗೊತ್ತಾದದ್ದು ಮಾಸ್ತರಿಂದ. ಅವನು ಹದಿನೈದು ದಿನ ಕಳೆದು ಮಂಜಿಯ ಮನೆಯ ಜಗಲಿಯ ಮೇಲೆ ಎರಡು ವಸ್ತು ಇಟ್ಟ. ಹಳೆಯ ಹಾಯಿಯ ಬಟ್ಟೆಯೊಳಗೆ ತೆಂಗಿನ ನಾರು ತುಂಬಿ, ಬಲೆ ಹೆಣೆಯುವ ನೂಲಿನಲ್ಲಿ ಹೊಲಿದ ಒಂದು ಜೊತೆ ಕಾಲಿನ ಪ್ಯಾಡು.

"ಇದೆಂತಕ್ಕೆ? ನಾ ಆಡೂದಿಲ್ಲ ಅಂದೆ ಅಲ್ಲ."

"ಆಡ್ಬೇಡ. ಇಟ್ಕ. ಯಾರಾದ್ರೂ ಕಲ್ಲು ಹೊಡೆದ್ರೆ ಆಗ್ತದೆ."

ಅವಳಿಗೆ ನಗು ಬಂತು. ಅಪ್ಪ ಹೋದಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಒಳಗಿದ್ದ ಮಾಸ್ತಮ್ಮ ಮೀನು ಕೊಯ್ಯುತ್ತಿದ್ದ ಕೈಯನ್ನು ನಿಲ್ಲಿಸಿ ಆ ನಗು ಕೇಳಿಸಿಕೊಂಡಳು.

ಮಂಜಿ ಮತ್ತೆ ಆಡಿದಳು. ಮೊದಲು ಮಳೆಗಾಲದಲ್ಲಿ ಮಾತ್ರ, ಬೋಟುಗಳೆಲ್ಲ ದಂಡೆಗೆ ಬಂದಮೇಲೆ. ಆಮೇಲೆ ಹುಬ್ಬಳ್ಳಿಯ ಕಾಲೇಜು, ಅಲ್ಲಿಂದ ರಾಜ್ಯದ ತಂಡ. ಆ ಪಂದ್ಯಗಳು ಅಮಾವಾಸ್ಯೆ ನೋಡಿಕೊಂಡು ಬರುವಂಥವಲ್ಲ. ಆಗೆಲ್ಲ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: 'ಅಪ್ಪ ಇಲ್ಲ. ಅಣ್ಣ ತಮ್ಮ ಇಲ್ಲ. ಸಮುದ್ರದಲ್ಲಿ ನನ್ನವರು ಯಾರೂ ಇಲ್ಲ...'

ಹಾಗೆ ಹೇಳಿಕೊಳ್ಳುವಾಗ ಈರನ ಮುಖ ಎದುರು ಬರುತ್ತಿತ್ತು. ಅವಳು ಬೇಗ ಬೇಗ ಬೇರೆ ಏನನ್ನೋ ನೆನೆಸಿಕೊಳ್ಳುತ್ತಿದ್ದಳು.

ಅವಳು ರಜೆಗೆ ಊರಿಗೆ ಬಂದಾಗೆಲ್ಲ ಈರ ಪ್ಯಾಡುಗಳನ್ನು ತೆಗೆದುಕೊಂಡು ಹೋಗಿ ಸಡಿಲಾದ ಹೊಲಿಗೆ ಬಿಗಿ ಮಾಡಿ ತರುತ್ತಿದ್ದ. ಜಗಲಿಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವಳು. ಮಾತು ಹೆಚ್ಚಿಲ್ಲ.

"ಈ ಸರ್ತಿ ನಿನ್ನ ಬಲೆ?" ಅವನು ಕೇಳುತ್ತಿದ್ದ.

"ಖಾಲಿ. ನಿಂದು?"

"ಬಂಗಡೆ ಬಂತು, ತುಂಬ್ತು."

ಇಷ್ಟೇ. ಆದರೆ ಐದು ವರ್ಷ ಇಷ್ಟನ್ನೇ ಆಡಿದವರ ನಡುವೆ ಏನು ಬೆಳೆಯುತ್ತದೆ ಎಂದು ನಾನು ಬೇರೆ ಹೇಳಬೇಕೆ?

ಇಲ್ಲಿ ಆ ಕೇರಿಯ ಒಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ವೀಳ್ಯ ಆದ, ಅಂದರೆ ಮದುವೆ ನಿಶ್ಚಯವಾದ ಗಂಡು, ತಾಳಿ ಕಟ್ಟುವ ದಿನದವರೆಗೆ ಸಮುದ್ರಕ್ಕೆ ಹೋಗುವಂತಿಲ್ಲ. ಒಂದು ಹೆಣ್ಣಿನ ಬದುಕು ಅವನಿಗೆ ಗಂಟು ಬಿದ್ದಿದೆ, ಅವನನ್ನು ನೀರಿಗೆ ಬಿಡಬಾರದು ಎಂಬುದು ಅದರ ಅರ್ಥ. ಹಾಗಾಗಿ ಮೀನಿನ ಹಂಗಾಮಿನಲ್ಲಿ ಗಟ್ಟಿಮುಟ್ಟಾದ ಹುಡುಗನೊಬ್ಬ ದಂಡೆಯಲ್ಲಿ ಕೂತಿದ್ದರೆ ಹೆಂಗಸರು ಬೇರೇನೂ ಕೇಳುವುದಿಲ್ಲ. "ಯಾವೂರ ಹೆಣ್ಣು?" ಎಂದು ಕೇಳುತ್ತಾರೆ.

1982ರ ಫೆಬ್ರವರಿಯಲ್ಲಿ ಮಂಜಿ ಇಂಡಿಯಾ ತಂಡಕ್ಕೆ ಆಯ್ಕೆಯಾದಳು. ಪಶ್ಚಿಮ ಜರ್ಮನಿಯಲ್ಲಿ ಐದು ವಾರಗಳ ಪ್ರವಾಸ. ಆಯ್ಕೆಯ ತಂತಿ ಬಂದ ದಿನ ಮಾಸ್ತರು ಶಾಲೆಯ ಗಂಟೆಯನ್ನು ತಾವೇ ಹೊಡೆದು ಮಕ್ಕಳಿಗೆ ರಜೆ ಕೊಡಿಸಿದರು. ಮಂಜಿ ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿದಳು. ಫೆಬ್ರವರಿ... ಬೋಟುಗಳೆಲ್ಲ ನೀರಿನಲ್ಲಿರುವ ತಿಂಗಳು. ಅಪ್ಪ ಹೋದ ತಿಂಗಳು.

ಹೊರಡುವ ಬೆಳಿಗ್ಗೆ ಭಟ್ಕಳದ ಬಸ್ ನಿಲ್ದಾಣಕ್ಕೆ ಈರ ಬಂದ. ಕೈಯಲ್ಲಿ ಹೊಸದಾಗಿ ಹೊಲಿದ ಪ್ಯಾಡುಗಳಿದ್ದವು.

"ಅಲ್ಲಿ ಒಳ್ಳೇದು ಕೊಡ್ತ್ರು. ಆದ್ರೂ ಇರ್ಲಿ" ಎಂದ.

ಮಾಸ್ತಮ್ಮ ಚೀಲ ಇಡಿಸಲು ಬಸ್ಸಿನ ಹಿಂದೆ ಹೋಗಿದ್ದಳು. ಈರ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೇ ಸಲ ಅವನು ಏನು ಹೇಳುತ್ತಾನೆಂದು ಮಂಜಿಗೆ ಗೊತ್ತಾಗಿ ಹೋಯಿತು.

"ಬೇಡ. ನೀ ಎಂತ ಹೇಳ್ಬೇಡ. ನಾ ಹೇಳ್ತೆ." ಅವಳು ಪ್ಯಾಡುಗಳನ್ನು ಎದೆಗೆ ಒತ್ತಿಕೊಂಡಳು. "ನಾ ಆಡೂದು ಬಿಡೂದಿಲ್ಲ. ಸಮುದ್ರಕ್ಕೆ ಹೋಗುವವನ್ನ ಮದುವೆನೂ ಆಗೂದಿಲ್ಲ. ನಾ ಅಲ್ಲಿ ನಿಂತು ಚೆಂಡು ನೋಡ್ಲಾ, ಇಲ್ಲಿ ನೀ ಬಂದ್ಯಾ ಇಲ್ವಾ ಅಂತ ನೋಡ್ಲಾ? ಎರಡೂ ಒಟ್ಟಿಗೆ ನನ್ನ ಕೈಲಾಗೂದಿಲ್ಲ. ಹೆದ್ರಿಕೇಲೇ ಸಾಯ್ತೆ ನಾ."

ಈರ "ಎಷ್ಟು ದಿನ?" ಎಂದು ಕೇಳಿದ.

"ಐದು ವಾರ."

"ಆತು."

"ಆತು ಅಂದ್ರೆ ಎಂತ?"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಆತು ಅಂದರೆ ಏನು ಎಂದು ಯೋಚಿಸುತ್ತಾ ಮಂಜಿ ಶರಾವತಿ ದಾಟಿದಳು, ಕುಮಟಾ ದಾಟಿದಳು, ಆಮೇಲೆ ದೇಶವನ್ನೇ ದಾಟಿದಳು.

ಜರ್ಮನಿಯಲ್ಲಿ ಮೈದಾನವೂ ಹೊಸದು. ಹುಲ್ಲಲ್ಲ, ಮಣ್ಣಲ್ಲ, ಹಸಿರು ಚಾಪೆ. ಆಟಕ್ಕೆ ಮುಂಚೆ ಅದರ ಮೇಲೆ ನೀರು ಬಿಡುತ್ತಿದ್ದರು. ಚೆಂಡು ಕಣ್ಣಿಗೆ ಕಾಣುವ ಮೊದಲೇ ಕಾಲ ಬಳಿ ಇರುತ್ತಿತ್ತು. ಮೈ ಕೊರೆಯುವ ಚಳಿ. ಎದುರಿನ ಹುಡುಗಿಯರು ಇವರಿಗಿಂತ ಒಂದು ತಲೆ ಎತ್ತರ.

ಆದರೆ ಮಂಜಿಗೆ ಅವರ ಹೆದರಿಕೆ ಇರಲಿಲ್ಲ. ಸೀಟಿ ಊದಿದ ಕೂಡಲೇ ಅವಳ ಮನಸ್ಸು ಅಳಿವೆಯ ಬಾಯಿಗೆ ಹೋಗುತ್ತಿತ್ತು. 'ಈಗ ಅಲ್ಲಿ ಸಂಜೆ. ಬೋಟು ಬಂದಿರಬೇಕಾದ ಹೊತ್ತು. ಗಾಳಿ ಇದ್ಯೋ ಏನೋ... ಬಂದನೋ ಇಲ್ಲವೋ...' ಅವಳ ಹಿಂದಿದ್ದ ಬಲೆ ಅಲುಗಿತು. ಮತ್ತೆ ಅಲುಗಿತು. ಮೊದಲ ಪಂದ್ಯದಲ್ಲಿ ನಾಲ್ಕು ಗೋಲು, ಎರಡನೆಯದರಲ್ಲಿ ಮೂರು.

"ಇನ್ನೊಂದು ಪಂದ್ಯ ನೋಡುತ್ತೇನೆ" ಎಂದರು ಕೋಚ್. "ಹೀಗೇ ಆದರೆ ನಿನ್ನನ್ನು ಕೂರಿಸಬೇಕಾಗುತ್ತದೆ. ನಿನ್ನ ಕಣ್ಣು ಇಲ್ಲಿಲ್ಲ."

ಆ ಸಂಜೆ ಅಲ್ಲಿನವರು ತಂಡವನ್ನು ಒಂದು ದೊಡ್ಡ ಕಟ್ಟಡಕ್ಕೆ ಕರೆದುಕೊಂಡು ಹೋದರು. ಒಳಗೆ ನೆಲವೆಲ್ಲ ಬರ್ಫ, ಬರೀ ಮಂಜುಗಡ್ಡೆ. ಆ ಬರ್ಫದ ಮೇಲೆ ಹುಡುಗಿಯರು ಕಾಲಿಗೆ ಅಲಗು ಕಟ್ಟಿಕೊಂಡು ಹಾಕಿ ಆಡುತ್ತಿದ್ದರು. ಅವರ ಗೋಲ್‌ಕೀಪರ್ ಹುಡುಗಿ ದಪ್ಪ ಪ್ಯಾಡುಗಳಲ್ಲಿ ಹೂತುಹೋಗಿದ್ದಳು. ಜಾಳಿಯ ಮುಖವಾಡದ ಹಿಂದೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಇವಳಿಗೂ ಹೆದರಿಕೆ ಇರಬಹುದೇ ಎಂದು ಮಂಜಿ ನೋಡಿಯೇ ನೋಡಿದಳು.

ಈರನಿಗೆ ಇದನ್ನು ಹೇಳಬೇಕು ಅನ್ನಿಸಿತು. ಬರ್ಫದ ಮೇಲೆ ಆಡ್ತ್ರಾ, ಹಾಗಾದ್ರೆ ಮೀನು ಎಲ್ಲಿಡ್ತ್ರು ಎಂದು ಅವನು ಖಂಡಿತ ಕೇಳುತ್ತಾನೆ. ನೆನೆಸಿಕೊಂಡು ಒಬ್ಬಳೇ ನಕ್ಕಳು.

ಮರಳಿದಾಗ ಹೋಟೆಲಿನಲ್ಲಿ ಕಾಗದ ಕಾದಿತ್ತು. ಮಾಸ್ತರ ಅಕ್ಷರ.

'ಚಿ. ಮಂಜಿಗೆ ಆಶೀರ್ವಾದಗಳು. ನಿನ್ನ ತಾಯಿ ಆರಾಮ ಇದ್ದಾಳೆ. ಈರ ತಿಳಿಸಲು ಹೇಳಿದ್ದಾನೆ: ನೀನು ಹೋದ ದಿನದಿಂದ ಅವನು ಬೋಟಿಗೆ ಹೋಗುತ್ತಿಲ್ಲ, ದಂಡೆಯಲ್ಲೇ ಇದ್ದಾನೆ. ಉಳಿದದ್ದು ನೀನು ಬಂದ ಮೇಲೆ. ನಿಶ್ಚಿಂತೆಯಿಂದ ಆಡು.'

ಮಂಜಿ ಹಾಸಿಗೆಯ ಮೇಲೆ ಕುಳಿತಳು. ಮತ್ತೆ ಓದಿದಳು. ದಂಡೆಯಲ್ಲೇ ಇದ್ದಾನೆ...

ಕೇರಿಯ ಪದ್ಧತಿ ಗೊತ್ತಿಲ್ಲದ ಗದಗದ ಮಾಸ್ತರಿಗೆ ಆ ಸಾಲು ಧೈರ್ಯ ಹೇಳುವ ಸುದ್ದಿ. ಮೊಗೇರಕೇರಿಯ ಹುಡುಗಿಗೆ ಅದು ಲಗ್ನಪತ್ರಿಕೆ.

'ವೀಳ್ಯ ಆಗಿದೆ. ನಾನು ಬಸ್ಸು ಹತ್ತಿದ ದಿನವೇ ಆಗಿದೆ. ಆತು ಅಂದದ್ದು ಅದಕ್ಕೇ...'

ಬೇಡ ಅಂದವಳು ತಾನೇ. ಹಾಗಿರುವಾಗ ಅಳುವ ಹಕ್ಕೂ ತನಗಿಲ್ಲ ಎಂದುಕೊಂಡಳು. ಅಂದುಕೊಂಡೂ ಅತ್ತಳು. ಜೊತೆಯ ಹುಡುಗಿಯರಿಗೆ ಊರಿನ ನೆನಪಾಯಿತು ಎಂದು ಸುಳ್ಳು ಹೇಳಿದಳು.

ಮೂರನೇ ಪಂದ್ಯದಲ್ಲಿ ಮಂಜಿಯ ಕಣ್ಣು ಚೆಂಡನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಹೋಗಲು ಜಾಗವೇ ಇರಲಿಲ್ಲ. ಅವನಿನ್ನು ಬೇರೆ ಹೆಣ್ಣಿನವನು. ದಂಡೆಯಲ್ಲಿದ್ದರೂ, ನೀರಿನಲ್ಲಿದ್ದರೂ, ಕಾಯುವ ಕೆಲಸ ಆ ಹೆಣ್ಣಿನದು. ಒಂಬತ್ತು ಪೆನಾಲ್ಟಿ ಕಾರ್ನರ್ ಬಂದವು, ಒಂಬತ್ತನ್ನೂ ತಡೆದಳು. ನಾಲ್ಕನೆಯ ಪಂದ್ಯದಲ್ಲೂ ಹಾಗೇ, ಐದನೆಯದರಲ್ಲೂ ಹಾಗೇ. ಅಲ್ಲಿಯ ಪೇಪರಿನಲ್ಲಿ ಅವಳ ಫೋಟೋ ಬಂತು. ಕೋಚ್ ಬೆನ್ನು ತಟ್ಟಿ, "ಅಂತೂ ಹೆದರಿಕೆ ಬಿಟ್ಟೆ" ಎಂದರು.

ಮಂಜಿ ಬೂಟು ಬಿಚ್ಚಿ ಬ್ಯಾಗಿಗೆ ಹಾಕಿದಳು. ಅವಳ ಬ್ಯಾಗಿನ ತಳದಲ್ಲಿ ನಾರಿನ ಪ್ಯಾಡುಗಳು ಮಡಚಿದಂತೆಯೇ ಇದ್ದವು.

ಏಪ್ರಿಲ್ ಮೊದಲ ವಾರ ಅವಳು ಭಟ್ಕಳದಲ್ಲಿ ಇಳಿದಳು. ಮಾಸ್ತರು ಹಾರ ಹಾಕಿದರು, ಶಾಲೆಯ ಮಕ್ಕಳು ಕೈ ತಟ್ಟಿದರು. ಆ ಗುಂಪಿನಲ್ಲಿ ಈರ ಇರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಊಟಕ್ಕೆ ಕೂತು, ಮುಖ ಎತ್ತದೆ ಕೇಳಿದಳು.

"ಮದುವೆ ಯಾವಾಗ ಅಮ್ಮ?"

"ಯಾರ ಮದುವೆ?"

"ಈರಂದು."

ಮಾಸ್ತಮ್ಮ ಸಾರಿನ ಸೌಟು ಹಿಡಿದು ಹಾಗೇ ನಿಂತಳು. "ಮದುವೆಯಾ? ಹರಿಹರ ಅವನನ್ನ ಬೋಟಿಂದ ಇಳಿಸಿ ತಿಂಗಳಾತು. ಒಳ್ಳೆ ಮೀನು ಬೀಳೂ ಹೊತ್ತಲ್ಲಿ ಬರೂದಿಲ್ಲ ಅಂದ್ರೆ ಯಾರು ಇಟ್ಕತ್ರು? ಈಗ ಬರ್ಫ್ ಫ್ಯಾಕ್ಟ್ರಿಲಿ ಅವ್ನೆ. ಯಾವೂರ ಹೆಣ್ಣು ಅಂತ ಎಲ್ಲಾ ಕೇಳಿದ್ರು. ನಗಾಡ್ತ ಅಷ್ಟೆ, ಬಾಯಿ ಬಿಡೂದಿಲ್ಲ."

ಮಂಜಿ ಊಟ ಬಿಟ್ಟು ಎದ್ದಳು.

ಬಂದರದ ಬರ್ಫ್ ಫ್ಯಾಕ್ಟರಿಯ ಬಾಗಿಲಲ್ಲಿ ಈರ ಕಬ್ಬಿಣದ ಕೊಕ್ಕೆಯಿಂದ ದೊಡ್ಡದೊಂದು ಗಡ್ಡೆಯನ್ನು ಎಳೆಯುತ್ತಿದ್ದ. ಗೋಣಿ ಸುತ್ತಿದ ಕೈಗಳು ಕೆಂಪಗಾಗಿದ್ದವು. ಅವಳನ್ನು ಕಂಡು ಕೊಕ್ಕೆ ಕೆಳಗಿಟ್ಟ.

"ಯಾವೂರ ಹೆಣ್ಣು?" ಮಂಜಿ ಕೇಳಿದಳು.

"ಬಂದವ್ಳೇ ಇದನ್ನಾ ಕೇಳೂದು?"

"ಹೇಳು."

ಈರ ಸುತ್ತ ನೋಡಿದ. ಒಳಗೆ ಮೆಷಿನ್ನಿನ ಸದ್ದು. ಹತ್ತಿರ ಯಾರೂ ಇರಲಿಲ್ಲ.

"ಹೆಂಗಸ್ರು ಕೇಳ್ದಾಗ ಬಾಯಲ್ಲಿ ಎಂತ ಹೇಳ್ಲಿಲ್ಲ. ಮನಸಲ್ಲಿ ಇದೇ ಊರು ಅಂದೆ. ಈಗ ಊರಲ್ಲಿಲ್ಲ, ಜರ್ಮನಿಗೆ ಹೋಗ್ಯದೆ, ಬರೂವರೆಗೆ ನಾ ನೀರಿಗೆ ಇಳಿಯೂದಿಲ್ಲ ಅಂದೆ."

ಮಂಜಿ ಒಂದು ಹೆಜ್ಜೆ ಮುಂದೆ ಬಂದಳು.

"ನೀ ಆಡೂವಾಗ ನಿನ್ನವ್ರು ಯಾರೂ ಸಮುದ್ರದಲ್ಲಿ ಇರಬಾರ್ದು ಅಲ್ಲ? ಅದಕ್ಕೇ ಆತು ಅಂದದ್ದು. ಮಾಸ್ತರಿಗೆ ಬರೀರಿ ಅಂದೆ. ಎಂತಕ್ಕೆ ಅಂತನೂ ಬರೀರಿ ಅಂದೆ. ಅವ್ರು ನಾಚ್ಕಂಡು ಬಿಟ್ರು. ಹೆಣ್ಣುಮಗಳ ಕಾಗದ, ನಾಲ್ಕು ಜನ ಓದ್ತಾರ, ಅದೆಲ್ಲ ಬ್ಯಾಡಪಾ ಅಂದ್ರು."

"ನಾ ನಿಂಗೆ ವೀಳ್ಯ ಆತು ಅಂತ ತಿಳ್ಕಂಡೆ. ಬೇರೆ ಯಾರದೋ ಹತ್ರ."

ಈರ ಬೆಪ್ಪಾಗಿ ನೋಡಿದ. ಆಮೇಲೆ ಮೆಲ್ಲಗೆ ಅಂದ, "ತಿಳ್ಕಂಡದ್ದು ತಪ್ಪಲ್ಲ. ಹೆಣ್ಣು ಯಾರು ಅಂತ ಒಂದೇ ತಪ್ಪಿದ್ದು."

ಅವಳು ಅಲ್ಲೇ ಗೋಡೆಗೆ ಒರಗಿ ಅತ್ತಳು. ಅವನಿಗೆ ಹತ್ತಿರ ಬರಬೇಕೋ ಬೇಡವೋ ತಿಳಿಯಲಿಲ್ಲ. ಬಂದ. ತಣ್ಣಗಿನ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಕೈ ಮುಟ್ಟಿದ.

"ಚೆನ್ನಾಗಿ ಆಡಿದ್ಯಂತೆ. ಪೇಪರಲ್ಲಿ ಬಂತು. ನಾ ದಂಡೆ ಮೇಲಿದ್ದದ್ದು ಆತಲ್ಲ, ಉಪಯೋಗ."

"ಅದ್ಕಲ್ಲ ಆಡಿದ್ದು. ನೀ ನನ್ನವ ಅಲ್ಲ ಅಂತ ಆಡಿದ್ದು. ಹೆದ್ರಿಕೆ ಹೋದದ್ದಲ್ಲ... ಹೆದರ್ಲಿಕ್ಕೆ ನಂಗೆ ಯಾರೂ ಇರ್ಲಿಲ್ಲ."

ಬಿಸಿಲಿಗೆ ಬಿದ್ದ ಗಡ್ಡೆ ಕರಗಿ ನೀರು ಅವರ ಕಾಲ ಕೆಳಗೆ ಹರಿಯುತ್ತಿತ್ತು. ಮಂಜಿ ಅವನ ಕೆಂಪಾದ ಕೈಗಳನ್ನು ನೋಡಿದಳು. ಬಲೆ ಹೆಣೆಯುವ ಕೈ. ತನ್ನ ಹೆದರಿಕೆಗೋಸ್ಕರ ಇವನು ಬೋಟು ಬಿಟ್ಟ, ಕೇರಿಯವರ ನಗೆ ತಿಂದ. ಇನ್ನು ಎಷ್ಟು ವರ್ಷ? ಪ್ರತಿ ಪಂದ್ಯಕ್ಕೂ ಇವನನ್ನು ದಂಡೆಗೆ ಕಟ್ಟಿಹಾಕುವುದೇ?

"ಹರಿಹರಣ್ಣನ ಹತ್ರ ನಾ ಮಾತಾಡ್ತೆ. ಬರೂ ಭಾನುವಾರ ಕುಮಟಾದಲ್ಲಿ ಮ್ಯಾಚು ಅದೆ. ಅವತ್ತು ನೀ ಬೋಟಿಗೆ ಹೋಗು."

"ಕುಮಟಾದಲ್ಲಾ? ಅದೇ ಮೈದಾನದಲ್ಲಾ?"

"ಅಲ್ಲೇ."

"ಹೆದ್ರಿಕೆ ಆಗೂದಿಲ್ವಾ?"

"ಸಾಯೂವಷ್ಟು ಆಗ್ತದೆ" ಅಂದಳು ಮಂಜಿ. "ಆದ್ರೂ ಹೋಗು. ಬಂದು ಕುಮಟಾ ಬಸ್ಸು ಹತ್ತು."

ಹರಿಹರ ಮೊದಲು ಎಗರಾಡಿದ. ತಿಮ್ಮಪ್ಪನ ಮಗಳೇ ಬಂದು, ಅವನನ್ನ ಸಮುದ್ರಕ್ಕೆ ಕರಕಂಡು ಹೋಗು ಎಂದು ಕೇಳಿದ ಮೇಲೆ ಒಪ್ಪಿಕೊಂಡ.

ಭಾನುವಾರ ಬೆಳಗಿನ ಜಾವ ಬೋಟು ಹೊರಟಿತು. ಮಂಜಿ ಏಳು ಗಂಟೆಯ ಬಸ್ಸು ಹತ್ತಿದಳು. ಶರಾವತಿ ದಾಟುವಾಗ ಅದರ ಅಳಿವೆಯ ಕಡೆ ನೋಡಬಾರದೆಂದುಕೊಂಡರೂ ನೋಡಿದಳು. ದೂರದಲ್ಲಿ ನೀರು ಬೆಳ್ಳಗೆ ಒಡೆಯುತ್ತಿತ್ತು.

ಜರ್ಮನಿಗೆ ಹೋಗಿ ಬಂದವಳನ್ನು ನೋಡಲು ಕುಮಟಾ ಮೈದಾನ ತುಂಬಿತ್ತು. ಜಿಲ್ಲೆಯ ತಂಡಕ್ಕೂ ಹುಬ್ಬಳ್ಳಿಯ ತಂಡಕ್ಕೂ ಪಂದ್ಯ. ಮಂಜಿ ನಾರಿನ ಪ್ಯಾಡುಗಳನ್ನೇ ಕಟ್ಟಿಕೊಂಡಳು. ಮೂರೂವರೆಗೆ ಆಟ ಶುರುವಾಯಿತು. ಬೋಟು ಹನ್ನೆರಡಕ್ಕೆ ದಂಡೆಗೆ ಬರಬೇಕು, ಈರ ಮೂರಕ್ಕೆ ಇಲ್ಲಿರಬೇಕು. ಅವನು ಬಂದಿರಲಿಲ್ಲ.

ಅರ್ಧ ಆಟ ಮುಗಿಯಿತು. ಬರಲಿಲ್ಲ. ಪಡುವಣ ಗಾಳಿ ಜೋರಾಗಿ ಮೈದಾನದ ಧೂಳು ಎದ್ದಿತು.

'ಇದೇ ಮೈದಾನ. ಇದೇ ಗೋಲು. ನಾನೇ ಕಳಿಸಿದೆ. ಅಪ್ಪ ತಾನಾಗಿ ಹೋದ, ಇವನನ್ನು ನಾನೇ ಕಳಿಸಿದೆ...' ಚೆಂಡು ಬಂತು. ಪ್ಯಾಡಿನಿಂದ ಒದ್ದಳು. ಮತ್ತೆ ಬಂತು, ಮತ್ತೆ ತಡೆದಳು. ಹೆದರಿಕೆ ಹೋಗಲಿಲ್ಲ. ಅದು ಎದೆಯಲ್ಲಿ ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು, ಕಣ್ಣು ಮಾತ್ರ ಚೆಂಡಿನ ಮೇಲಿತ್ತು. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದಿದ್ದಳು ಅವಳು. ಆಗುತ್ತಿತ್ತು.

ಕೊನೆಯ ನಿಮಿಷದಲ್ಲಿ ಹುಬ್ಬಳ್ಳಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. 'ಒಂದೂ ಬಿಡಬೇಡ ಹಾಂ' ಎಂಬ ಅಪ್ಪನ ದನಿ ಕೇಳಿದಂತಾಯಿತು. ಮಂಜಿ ಎಡಕ್ಕೆ ಬಿದ್ದಳು. ಚೆಂಡು ಪ್ಯಾಡಿಗೆ ಬಡಿದು ಹೊರಗೆ ಹೋಯಿತು.

ಆಟ ಮುಗಿದು ಜನ ಚದುರಿದರು. ಮಂಜಿ ಗೋಲು ಬಿಟ್ಟು ಕದಲಲಿಲ್ಲ. ಕರೆದವರಿಗೆ ತಲೆಯಾಡಿಸಿದಳು. ಬಿಸಿಲು ಇಳಿಯುತ್ತಿತ್ತು.

ಆಗ ಮೈದಾನದ ಆ ತುದಿಯಲ್ಲಿ, ಇಳಿಬಿಸಿಲಿನಲ್ಲಿ ಕಪ್ಪು ನೆರಳಿನ ಹಾಗೆ ರಮಾನಂದ ಮಾಸ್ತರು ಕಾಣಿಸಿದರು. ತಲೆ ತಗ್ಗಿಸಿ, ನೆಲ ನೋಡುತ್ತಾ, ನಿಧಾನವಾಗಿ ನಡೆದು ಬರುತ್ತಿದ್ದರು. ಏಳು ವರ್ಷದ ಹಿಂದೆ ಬಂದ ಹಾಗೆಯೇ.

ಮಂಜಿಯ ಕೈಯಿಂದ ಸ್ಟಿಕ್ ಜಾರಿತು. ಹಿಂದಿನ ಬಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. 'ಬೇಡ... ಹೇಳಬೇಡಿ ಮಾಸ್ತರೇ...'

"ಎಷ್ಟು ಭಾರ ಐತವಾ ಇದು" ಎಂದರು ಮಾಸ್ತರು ಏದುಸಿರು ಬಿಡುತ್ತಾ. "ಕಾಲ ಮುಂದ ಏನೂ ಕಾಣವಲ್ದು."

ಅವರ ಎರಡೂ ಕೈಯಲ್ಲಿ ಬಂಗಡೆ ತುಂಬಿದ ಬುಟ್ಟಿಯಿತ್ತು. ಬುಟ್ಟಿ ಕೆಳಗಿಟ್ಟು ಅವರು ಪಕ್ಕಕ್ಕೆ ಸರಿದರು. ಹಿಂದೆ ಇನ್ನೊಂದು ಬುಟ್ಟಿ ಹೆಗಲ ಮೇಲೆ ಹೊತ್ತು, ಒದ್ದೆ ಅಂಗಿಯಲ್ಲಿ, ಮೈಯೆಲ್ಲ ಮೀನಿನ ಪೊರೆ ಅಂಟಿಸಿಕೊಂಡು ಈರ ನಿಂತಿದ್ದ.

ಮಂಜಿ ಬಲೆ ಬಿಟ್ಟಳು. ಹೋಗಿ ಅವನ ಎದೆಗೆ ಮುಷ್ಟಿಯಿಂದ ಒಂದು ಗುದ್ದಿದಳು. ಇನ್ನೊಂದು ಗುದ್ದಿದಳು. ಆಮೇಲೆ ಆ ಒದ್ದೆ ಅಂಗಿಯಲ್ಲೇ ಮುಖ ಇಟ್ಟಳು. ಮಾಸ್ತರು ಬಹಳ ಆಸಕ್ತಿಯಿಂದ ಗೋಲಿನ ಕಂಬವನ್ನು ಪರೀಕ್ಷಿಸತೊಡಗಿದರು.

"ಎಲ್ಲಿ ಸತ್ತಿದ್ದೆ ಇಷ್ಟೊತ್ತು?"

"ಬಲೆ ಎಳೆಯೂಕೇ ಆಗ್ಲಿಲ್ಲ ಮಾರಾಯ್ತಿ. ಅಷ್ಟು ಮೀನು. ಭಟ್ಕಳಕ್ಕೆ ಹೋಗ್ಲಿಕ್ಕಾಗ್ದೆ ಹೊನ್ನಾವರ ಬಂದರಕ್ಕೆ ತಂದ್ವು. ಮೀನು ಬುಟ್ಟಿ ಅಂತ ಎರಡು ಬಸ್ಸಲ್ಲಿ ಹತ್ತಿಸ್ಕಣ್ಲಿಲ್ಲ." ಅವನು ಅವಳ ತಲೆಯ ಮೇಲಿನ ಧೂಳು ತಟ್ಟಿದ. "ಹೆದರಿದ್ಯಾ?"

"ಹೂಂ. ಇಡೀ ದಿನ."

"ಇನ್ನು ನಾಳೆ?"

"ನಾಳೆನೂ ಹೆದರ್ತೆ. ನೀ ಹೋಗೂದು ಹೋಗು. ನಾ ಆಡೂದು ಆಡ್ತೆ. ಆದ್ರೆ ವೀಳ್ಯ ಆದ್ಮೇಲೆ ಮಾತ್ರ ತಾಳಿವರೆಗೆ ದಂಡೆ ಮೇಲೇ ಕೂರ್ಬೇಕು. ಕೇರಿ ಪದ್ಧತಿ ಬಿಡೂಕಾಗೂದಿಲ್ಲ."

"ನಾ ಐದು ವಾರ ಕೂತಾತಲ್ಲ. ಅದು ಲೆಕ್ಕಕ್ಕಿಲ್ವಾ?"

ಅವಳು ಅಳುತ್ತಲೇ ನಕ್ಕಳು. ಈರ ಅವಳ ಹಿಂದೆ ಸಂಜೆಯ ಗಾಳಿಗೆ ಅಲುಗುತ್ತಿದ್ದ ಗೋಲಿನ ಬಲೆಯನ್ನು ನೋಡಿದ.

"ನನ್ನ ಬಲೆ ತುಂಬ್ತು. ನಿಂದು?"

"ಖಾಲಿ" ಅಂದಳು ಮಂಜಿ.